ಸಿಂಗಾಪುರದ ಆಗಮನ ಕಾರ್ಡ್, ಇ-ಪಾಸ್ ಮತ್ತು ಸ್ವಯಂಚಾಲಿತ ಗೇಟುಗಳು: ನೆಲೆಸಿದವರಿಗೂ ನೋಡಲು ಬರುವವರಿಗೂ

ಸಿಂಗಾಪುರದಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ತಂದೆ-ತಾಯಿ ಅಥವಾ ಅತ್ತೆ-ಮಾವ ಹೊರಟು ಬರುವ ಹೊತ್ತಿಗೆ ಕೇಳಿಬರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ವೀಸಾ ಕೈಯಲ್ಲಿರುವಾಗ ಈ ಆಗಮನ ಕಾರ್ಡ್ ಏಕೆ ಬೇಕು? ಪಾಸ್‌ಪೋರ್ಟಿನ ಮೇಲೆ ಯಾರೂ ಮುದ್ರೆ ಒತ್ತಲಿಲ್ಲವಲ್ಲ, ಹಾಗಾದರೆ ಎಷ್ಟು ದಿನ ಇರಬಹುದು? ಗೇಟಿನ ಮುಂದೆ ಅಧಿಕಾರಿಯೇ ಇಲ್ಲದಿದ್ದರೆ ಯಾರನ್ನು ಕೇಳಬೇಕು? ಈ ಮೂರು ಪ್ರಶ್ನೆಗಳಿಗೂ ಮೂಲ ಒಂದೇ. ಮೊದಲು ವಲಸೆ ಅಧಿಕಾರಿಯೊಬ್ಬರು ಒಂದೇ ಕೌಂಟರಿನಲ್ಲಿ ಕುಳಿತು ಮಾಡುತ್ತಿದ್ದ ಕೆಲಸ ಈಗ ಮೂರು ಕಡೆ ಹಂಚಿಹೋಗಿದೆ. ವಿವರ ಕೇಳುವ ಕೆಲಸ ಪ್ರಯಾಣಕ್ಕೆ ಮೊದಲೇ ಅಂತರಜಾಲದಲ್ಲಿ ನಡೆಯುತ್ತದೆ, ಗುರುತು ಹಿಡಿಯುವ ಕೆಲಸವನ್ನು ಗೇಟಿನ ಯಂತ್ರ ಮಾಡುತ್ತದೆ, ಎಷ್ಟು ದಿನ ಇರಬಹುದೆಂಬ ಅನುಮತಿ ಇಮೇಲಿನಲ್ಲಿ ಬರುತ್ತದೆ. ಕೆಲಸ ಹೀಗೆ ಹಂಚಿಹೋದಾಗ ಅದರ ಒಂದಷ್ಟು ಹೊಣೆ ಪ್ರಯಾಣಿಕರ ಮೇಲೂ ಬಿದ್ದಿದೆ. ಅದನ್ನು ಮೊದಲೇ ತಿಳಿದುಕೊಂಡವರಿಗೆ ಈ ವ್ಯವಸ್ಥೆ ನಿಜವಾಗಿಯೂ ಸುಲಭ.

ಆಗಮನ ಕಾರ್ಡಿನಿಂದ ಆರಂಭಿಸೋಣ. ವಿಮಾನದಲ್ಲಿ ಗಗನಸಖಿಯರು ಹಂಚುತ್ತಿದ್ದ ಕಾಗದದ ಚೀಟಿಯ ಬದಲು 2020ರ ಮಾರ್ಚಿನಿಂದ ಈ ವಿವರಗಳನ್ನು ಅಂತರಜಾಲದಲ್ಲೇ ಸಲ್ಲಿಸಬೇಕು. ಇದರ ಹೆಸರು ಎಸ್‌ಜಿ ಅರೈವಲ್ ಕಾರ್ಡ್. ಇದನ್ನು ನಡೆಸುವುದು ಐಸಿಎ, ಅಂದರೆ ಸಿಂಗಾಪುರದ ವಲಸೆ ಮತ್ತು ತಪಾಸಣಾ ಠಾಣೆಗಳ ಪ್ರಾಧಿಕಾರ. ಅದರ ಜಾಲತಾಣದಲ್ಲಾಗಲಿ, ಮೈಐಸಿಎ ಎಂಬ ಮೊಬೈಲ್ ಆ್ಯಪ್‌ನಲ್ಲಾಗಲಿ ಇದನ್ನು ಭರ್ತಿ ಮಾಡಬಹುದು, ಶುಲ್ಕವೇನೂ ಇಲ್ಲ. ಇದು ವೀಸಾ ಅಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಭಾರತದ ಪಾಸ್‌ಪೋರ್ಟ್ ಹೊಂದಿರುವ ಸಂದರ್ಶಕರಿಗೆ ಸಿಂಗಾಪುರ ಪ್ರವೇಶಿಸಲು ವೀಸಾ ಬೇರೆಯಾಗಿಯೇ ಬೇಕು ಮತ್ತು ಕಾರ್ಡ್ ಸಲ್ಲಿಸಿದ ಮಾತ್ರಕ್ಕೆ ಆ ಅಗತ್ಯ ತಪ್ಪುವುದಿಲ್ಲ. ಹಾಗೆಯೇ ವೀಸಾ ಇದ್ದ ಮಾತ್ರಕ್ಕೆ ಕಾರ್ಡಿನಿಂದ ವಿನಾಯಿತಿಯೂ ಸಿಗುವುದಿಲ್ಲ.

ಇಲ್ಲಿನ ನಿವಾಸಿಗಳೂ, ಅಂದರೆ ಪೌರರು, ಕಾಯಂ ನಿವಾಸಿಗಳು ಮತ್ತು ಎಂಪ್ಲಾಯ್‌ಮೆಂಟ್ ಪಾಸ್, ಡಿಪೆಂಡೆಂಟ್ಸ್ ಪಾಸ್ ಮುಂತಾದ ದೀರ್ಘಾವಧಿ ಪಾಸ್ ಹೊಂದಿರುವವರೂ, ವಿಮಾನ ಅಥವಾ ಹಡಗಿನಲ್ಲಿ ಹಿಂದಿರುಗುವಾಗ ಇದನ್ನು ಸಲ್ಲಿಸಬೇಕು. ಅವರು ಭರ್ತಿ ಮಾಡುವುದು ಮುಖ್ಯವಾಗಿ ಆರೋಗ್ಯ ಘೋಷಣೆ. ಮಲೇಷ್ಯಾದ ಕಡೆಯಿಂದ ರಸ್ತೆಯಲ್ಲಿ ಬರುವ ನಿವಾಸಿಗಳಿಗೆ ಮಾತ್ರ ವಿನಾಯಿತಿ ಇದೆ. ಚಾಂಗಿ ವಿಮಾನ ನಿಲ್ದಾಣದಲ್ಲಿ ವಲಸೆ ತಪಾಸಣೆಯನ್ನು ದಾಟದೆ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವವರಿಗೂ ಕಾರ್ಡ್ ಬೇಡ. ಆದರೆ ಎರಡು ಪ್ರತ್ಯೇಕ ಟಿಕೆಟ್‌ಗಳಲ್ಲಿ ಬಂದು, ಸಾಮಾನನ್ನು ತಾವೇ ಪಡೆದು ಮತ್ತೆ ಚೆಕ್-ಇನ್ ಮಾಡಬೇಕಾದವರು ತಪಾಸಣೆ ದಾಟಿ ಹೊರಬರಲೇಬೇಕಾಗುತ್ತದೆ. ಅಂಥವರಿಗೆ ಕಾರ್ಡೂ ಬೇಕು, ಪ್ರವೇಶಿಸುವ ಅರ್ಹತೆಯೂ ಇರಬೇಕು. ಅಗ್ಗದ ಟಿಕೆಟ್ ಸಿಕ್ಕಿತೆಂದು ಆಸ್ಟ್ರೇಲಿಯಾಕ್ಕೋ ಇಂಡೋನೇಷ್ಯಾಕ್ಕೋ ಎರಡು ತುಂಡಾಗಿ ಪ್ರಯಾಣ ಜೋಡಿಸುವವರು ಈ ಅಂಶವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಕಾರ್ಡನ್ನು ಬಂದಿಳಿಯುವ ದಿನವೂ ಸೇರಿ ಮೂರು ದಿನಗಳ ಒಳಗೆ ಸಲ್ಲಿಸಬೇಕು. 10ನೇ ತಾರೀಖು ಸಿಂಗಾಪುರ ತಲುಪುವವರು 8ರಿಂದ ಸಲ್ಲಿಸಬಹುದು, 7ರಂದು ಸಲ್ಲಿಸಲಾಗದು. ಇಲ್ಲಿ ಲೆಕ್ಕಕ್ಕೆ ಬರುವುದು ತಲುಪುವ ದಿನವೇ ಹೊರತು ಹೊರಡುವ ದಿನವಲ್ಲ. ಭಾರತದಿಂದ ರಾತ್ರಿ ಹೊರಡುವ ಹೆಚ್ಚಿನ ವಿಮಾನಗಳು ಮರುದಿನ ಬೆಳಗ್ಗೆ ತಲುಪುವುದರಿಂದ, ಟಿಕೆಟ್ಟಿನ ಮೇಲೆ ಎದ್ದು ಕಾಣುವ ಹೊರಡುವ ತಾರೀಖನ್ನೇ ನಮೂದಿಸಿಬಿಡುವುದು ತೀರ ಸಾಮಾನ್ಯ. ವಿಮಾನ ನಿಲ್ದಾಣದ ಗಲಾಟೆಯಲ್ಲಿ, ವೈಫೈಗಾಗಿ ಪರದಾಡುತ್ತ ಹಿರಿಯರು ಇದನ್ನು ತುಂಬುವಂತಾಗಬಾರದು. ಪ್ರಯಾಣದ ಹಿಂದಿನ ದಿನ ಸಿಂಗಾಪುರದಲ್ಲಿರುವ ಮಕ್ಕಳೇ ಕುಳಿತು ಅವರ ಪರವಾಗಿ ಸಲ್ಲಿಸುವುದು ಒಳ್ಳೆಯದು, ಅದಕ್ಕೆ ಅವಕಾಶವೂ ಇದೆ. ಒಂದೇ ಕುಟುಂಬದವರು ಒಟ್ಟಿಗೆ ಬರುತ್ತಿದ್ದರೆ ಗುಂಪಾಗಿ ಸಲ್ಲಿಸುವ ಸೌಲಭ್ಯವೂ ಉಂಟು.

ತುಂಬುವಾಗ ಪಾಸ್‌ಪೋರ್ಟನ್ನು ಮುಂದಿಟ್ಟುಕೊಂಡೇ ತುಂಬಬೇಕು, ನೆನಪಿನಿಂದಲ್ಲ. ಗೇಟಿನ ಯಂತ್ರ ಮಾಡುವುದು ಹೋಲಿಕೆಯ ಕೆಲಸ. ಪಾಸ್‌ಪೋರ್ಟಿನ ವಿವರದ ಪುಟದ ಕೆಳಗೆ ಬಾಣದಂಥ ಗುರುತುಗಳಿರುವ ಎರಡು ಸಾಲುಗಳಿವೆಯಲ್ಲ, ಅವುಗಳಿಂದ ಯಂತ್ರ ಓದಿಕೊಂಡದ್ದು ವೀಸಾ ಮತ್ತು ಕಾರ್ಡಿನಲ್ಲಿರುವ ವಿವರದೊಂದಿಗೆ ಕೂಡಿಬರಬೇಕು. ಬಹುಪಾಲು ಭಾರತೀಯ ಪಾಸ್‌ಪೋರ್ಟ್‌ಗಳ ಸಂಖ್ಯೆಯಲ್ಲಿ ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿಗಳಿರುತ್ತವೆ. ಆ ಅಂಕಿಗಳ ನಡುವಿನ ಸೊನ್ನೆಯನ್ನು ‘ಓ’ ಅಕ್ಷರವೆಂದು ಒತ್ತಿಬಿಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣದು, ಯಂತ್ರಕ್ಕೆ ಅದು ಬೇರೆಯೇ ಪಾಸ್‌ಪೋರ್ಟ್. ಮೈಐಸಿಎ ಆ್ಯಪ್‌ನಲ್ಲಿ ಕ್ಯಾಮೆರಾದಿಂದ ಈ ಪುಟವನ್ನು ಸ್ಕ್ಯಾನ್ ಮಾಡುವ ಅನುಕೂಲವಿದೆ. ಕೈಯಿಂದ ಬೆರಳಚ್ಚು ಮಾಡುವುದಕ್ಕಿಂತ ಅದೇ ಮೇಲು. ಆದರೂ ಸ್ಕ್ಯಾನ್ ಆದ ಮೇಲೆ ಒಂದೊಂದು ಅಕ್ಷರವನ್ನೂ ತಾಳೆ ನೋಡಬೇಕು.

ಹೆಸರಿನ ವಿಷಯ ನಮ್ಮವರಿಗೆ ವಿಶೇಷವಾಗಿ ಕಾಡುತ್ತದೆ. ಮನೆತನದ ಹೆಸರು ಇಲ್ಲದೆ, ಊರಿನ ಅಥವಾ ತಂದೆಯ ಹೆಸರನ್ನು ಒಂದಕ್ಷರಕ್ಕೆ ಇಳಿಸಿ ಬರೆಯುವ ರೂಢಿ ನಮ್ಮದು. ಆದ್ದರಿಂದ ಎಷ್ಟೋ ಹಿರಿಯರ ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮ್’ ಎಂಬ ಜಾಗ ಖಾಲಿ ಇರುತ್ತದೆ, ಅಥವಾ ಬ್ಯಾಂಕ್ ಪುಸ್ತಕದಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆ ಇರುತ್ತದೆ. ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ. ಇಲ್ಲದ ಮನೆತನದ ಹೆಸರನ್ನು ಸೇರಿಸಬಾರದು, ಮೊದಲಕ್ಷರಗಳನ್ನು ಬಿಡಿಸಿ ಬರೆಯಬಾರದು, ‘ಶ್ರೀಮತಿ’ ಎಂದು ಸೇರಿಸುವುದಂತೂ ಬೇಡವೇ ಬೇಡ. ವಿಮಾನದ ಟಿಕೆಟ್ ಮತ್ತು ವೀಸಾದಲ್ಲೂ ಇದೇ ಹೆಸರು ಇರಬೇಕು.

ಇನ್ನು ಹಣ ಕೇಳುವ ಜಾಲತಾಣಗಳ ವಿಷಯ. ಹುಡುಕಾಟದಲ್ಲಿ ಮೊದಲು ಕಾಣುವ ತಾಣ ಸರ್ಕಾರದ್ದೇ ಆಗಿರಬೇಕೆಂದಿಲ್ಲ. ಸಿಂಗಾಪುರ ಸರ್ಕಾರದ ತಾಣಗಳ ವಿಳಾಸ ‘ಡಾಟ್ ಗವ್ ಡಾಟ್ ಎಸ್‌ಜಿ’ ಎಂದು ಮುಗಿಯುತ್ತದೆ. ಕಾರ್ಡಿಗಾಗಿ ಎಷ್ಟೇ ಸಣ್ಣ ಮೊತ್ತ ಕೇಳಿದರೂ ಅದು ಖಾಸಗಿಯವರ ತಾಣವೆಂದು ತಿಳಿದು ಹೊರಬರಬೇಕು. ಹೋಗುವುದು ಹಣವಷ್ಟೇ ಅಲ್ಲ. ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ, ವಾಸದ ವಿಳಾಸ ಎಲ್ಲವೂ ಅಪರಿಚಿತರ ಕೈ ಸೇರುತ್ತವೆ.

ಕಾರ್ಡಿನಲ್ಲಿ ಕೊಡುವ ಇಮೇಲ್ ವಿಳಾಸವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ, ಹೆಚ್ಚಿನವರು ಗಮನ ಕೊಡದಿರುವುದೂ ಅದರ ಕಡೆಗೇ. ಸಿಂಗಾಪುರ ಈಗ ಸಂದರ್ಶಕರ ಪಾಸ್‌ಪೋರ್ಟಿಗೆ ಪ್ರವೇಶದ ಮುದ್ರೆ ಒತ್ತುವುದಿಲ್ಲ. ಗೇಟ್ ದಾಟಿದ ಮೇಲೆ ಇ-ಪಾಸ್ ಎಂಬ ಪತ್ರ ಆ ಇಮೇಲಿಗೆ ಬರುತ್ತದೆ, ಯಾವ ದಿನಾಂಕದವರೆಗೆ ಇರಬಹುದೆಂಬುದು ಅದರಲ್ಲೇ ಇರುತ್ತದೆ. ಯಾರೋ ಏಜೆಂಟರ ಇಮೇಲೋ, ತೆರೆಯುವುದನ್ನೇ ಬಿಟ್ಟಿರುವ ಹಳೆಯ ವಿಳಾಸವೋ ಅಲ್ಲಿದ್ದರೆ ಅನುಮತಿಯ ಪತ್ರ ಅಲ್ಲಿಗೇ ಹೋಗಿ ಕುಳಿತಿರುತ್ತದೆ. ಹಿರಿಯರ ಪರವಾಗಿ ತುಂಬುವಾಗ, ದಿನವೂ ಇಮೇಲ್ ನೋಡುವ ಮಗನ ಅಥವಾ ಮಗಳ ವಿಳಾಸವನ್ನೇ ಕೊಡುವುದು ಸೂಕ್ತ. ಪತ್ರ ಬರದಿದ್ದರೆ ಐಸಿಎ ಜಾಲತಾಣದಲ್ಲಿ ಇ-ಪಾಸ್ ವಿಚಾರಿಸುವ ಸೇವೆ ಇದೆ.

ವೀಸಾದ ಅವಧಿಯೇ ಬೇರೆ, ಉಳಿಯುವ ಅವಧಿಯೇ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗಿರಬೇಕು. ವೀಸಾ ಎರಡು ವರ್ಷದವರೆಗೆ ಹಲವು ಬಾರಿ ಪ್ರವೇಶಿಸಲು ಸಿಕ್ಕಿದ್ದರೂ ಪ್ರತಿ ಬಾರಿ ಎಷ್ಟು ದಿನ ಇರಬಹುದೆಂಬುದನ್ನು ಆಯಾ ಸಲದ ಇ-ಪಾಸ್ ಹೇಳುತ್ತದೆ. ಬಂದ ದಿನವೇ ಅದನ್ನು ತೆರೆದು, ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಿಂದಿರುಗುವ ಟಿಕೆಟ್ ಅದರೊಳಗೇ ಇದೆಯೇ ಎಂದು ನೋಡಬೇಕು. ಮೊಮ್ಮಗುವಿನ ಆರೈಕೆಗೆಂದು ಬಂದವರು ಇನ್ನಷ್ಟು ದಿನ ಉಳಿಯಬೇಕಾದರೆ ಅವಧಿ ಮುಗಿಯುವ ಮೊದಲೇ ಐಸಿಎಗೆ ಅಂತರಜಾಲದಲ್ಲಿ ವಿಸ್ತರಣೆಯ ಅರ್ಜಿ ಸಲ್ಲಿಸಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ಮುದ್ರೆ ಇಲ್ಲದ್ದರಿಂದ ಗೊತ್ತಾಗಲಿಲ್ಲ ಎಂಬ ಕಾರಣ ಕೊಟ್ಟು ಅವಧಿ ಮೀರಿ ಉಳಿಯಲಾಗದು. ಹಾಗೆ ಉಳಿಯುವುದು ಇಲ್ಲಿ ಶಿಕ್ಷಾರ್ಹ ಅಪರಾಧ.

ಗೇಟುಗಳ ವಿಚಾರಕ್ಕೆ ಬಂದರೆ, 2024ರ ಮೇ ತಿಂಗಳಿನಿಂದ ಎಲ್ಲ ದೇಶಗಳ ಸಂದರ್ಶಕರೂ ಮುಂಚಿತ ನೋಂದಣಿ ಇಲ್ಲದೆಯೇ ಚಾಂಗಿಯಲ್ಲಿ ಬಂದಿಳಿದಾಗ ಸ್ವಯಂಚಾಲಿತ ಸಾಲುಗಳನ್ನು ಬಳಸಬಹುದು. ಆರು ವರ್ಷ ತುಂಬಿರಬೇಕು. ಪಾಸ್‌ಪೋರ್ಟಿನ ವಿವರದ ಪುಟವನ್ನು ಕೆಳಮುಖವಾಗಿ ಗಾಜಿನ ಮೇಲೆ ಒತ್ತಿ ಇಟ್ಟರೆ ಮೊದಲ ಬಾಗಿಲು ತೆರೆಯುತ್ತದೆ. ಒಬ್ಬರೇ ಒಳಗೆ ಹೋಗಬೇಕು, ಕೈಚೀಲವನ್ನು ಮೈಗೆ ಹತ್ತಿರ ಇಟ್ಟುಕೊಳ್ಳಬೇಕು. ಒಳಗೆ ಮುಖ ಮತ್ತು ಕಣ್ಣಿನ ಪಾಪೆಯನ್ನು ಯಂತ್ರ ಗುರುತಿಸುತ್ತದೆ, ಅಗತ್ಯ ಬಿದ್ದರೆ ಹೆಬ್ಬೆರಳನ್ನೂ ಕೇಳುತ್ತದೆ. ಟೋಪಿ, ಮುಖಗವಸು, ಕನ್ನಡಕ ತೆಗೆದು ಪರದೆಯನ್ನು ನೇರವಾಗಿ ನೋಡುತ್ತ ಎರಡು ಕ್ಷಣ ಅಲುಗಾಡದೆ ನಿಂತರೆ ಎರಡನೆಯ ಬಾಗಿಲು ತೆರೆದುಕೊಳ್ಳುತ್ತದೆ. ಪಾಸ್‌ಪೋರ್ಟಿಗೆ ಹಾಕಿರುವ ಪ್ಲಾಸ್ಟಿಕ್ ಅಥವಾ ಚರ್ಮದ ಹೊದಿಕೆಯನ್ನು ಸಾಲಿನಲ್ಲಿ ನಿಂತಿರುವಾಗಲೇ ತೆಗೆದುಬಿಡಬೇಕು. ಎಷ್ಟೋ ಸಲ ಗೇಟ್ ತೆರೆಯದಿರುವುದು ಪಾಸ್‌ಪೋರ್ಟ್ ಗಾಜಿನ ಮೇಲೆ ಸಮತಟ್ಟಾಗಿ ಕೂರದಿದ್ದುದರಿಂದಲೇ.

ಗೇಟ್ ತೆರೆಯದಿದ್ದರೆ ಹಿರಿಯರು ಗಾಬರಿಯಾಗುತ್ತಾರೆ, ತಮ್ಮಲ್ಲೇನೋ ದೋಷವಿದೆ ಎಂದುಕೊಳ್ಳುತ್ತಾರೆ. ಅವರಿಗೆ ಹೊರಡುವ ಮೊದಲೇ ತಿಳಿಸಿ ಹೇಳಬೇಕಾದ ಮಾತೆಂದರೆ, ಯಂತ್ರ ಒಪ್ಪದಿದ್ದರೆ ಹತ್ತಿರದಲ್ಲೇ ಇರುವ ಅಧಿಕಾರಿ ಅವರನ್ನು ಮಾಮೂಲಿ ಕೌಂಟರಿಗೆ ಕಳುಹಿಸುತ್ತಾರೆ, ಅಲ್ಲಿ ಹಳೆಯ ರೀತಿಯಲ್ಲೇ ತಪಾಸಣೆ ನಡೆಯುತ್ತದೆ. ವಯಸ್ಸಿನಿಂದ ಸವೆದ ಬೆರಳಚ್ಚು, ಮದರಂಗಿ ಹಚ್ಚಿದ ಕೈ, ಇವು ಯಂತ್ರಕ್ಕೆ ತೊಡಕಾಗಬಹುದಾದ ಸಂಗತಿಗಳೇ ಹೊರತು ತಪ್ಪುಗಳಲ್ಲ. ಮನೆಯ ವಿಳಾಸ, ಮಕ್ಕಳ ಫೋನ್ ಸಂಖ್ಯೆ, ವೀಸಾ ಪ್ರತಿ ಮತ್ತು ಹಿಂದಿರುಗುವ ಟಿಕೆಟ್ ಇಷ್ಟನ್ನು ಒಂದು ಹಾಳೆಯ ಲಕೋಟೆಯಲ್ಲಿ ಅವರ ಕೈಯಲ್ಲೇ ಇಡುವುದು ಉತ್ತಮ, ಏಕೆಂದರೆ ಆ ಕೌಂಟರಿನಲ್ಲಿ ಫೋನಿನ ಬ್ಯಾಟರಿ ಮುಗಿದಿರುವುದಿಲ್ಲವೆಂದು ಯಾರೂ ಖಾತರಿ ಕೊಡಲಾರರು. ಗಾಲಿಕುರ್ಚಿಯಲ್ಲಿರುವವರಿಗೆ ಮತ್ತು ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ವಿಶೇಷ ನೆರವಿನ ಸಾಲುಗಳಿವೆ, ಅವನ್ನು ಸಂಕೋಚವಿಲ್ಲದೆ ಕೇಳಿ ಬಳಸಬೇಕು.

ನಿವಾಸಿಗಳಿಗೆ ಚಾಂಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2024ರ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದರ ನಾಲ್ಕೂ ಟರ್ಮಿನಲ್‌ಗಳಲ್ಲಿ ಪಾಸ್‌ಪೋರ್ಟ್ ತೋರಿಸದೆ, ಮುಖ ಮತ್ತು ಕಣ್ಣಿನ ಗುರುತಿನಿಂದಲೇ ದಾಟುವ ವ್ಯವಸ್ಥೆ ಜಾರಿಗೆ ಬಂದಿತು. ಮೊದಲು ಸುಮಾರು 25 ಸೆಕೆಂಡ್ ಹಿಡಿಯುತ್ತಿದ್ದ ತಪಾಸಣೆ ಸುಮಾರು 10 ಸೆಕೆಂಡಿಗೆ ಇಳಿದಿದೆ. ನಿವಾಸಿಗಳು ಬರುವಾಗಲೂ ಹೋಗುವಾಗಲೂ ಇದನ್ನು ಬಳಸಬಹುದು, ಸಂದರ್ಶಕರು ಹೊರಡುವಾಗ ಬಳಸಬಹುದು. ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟು ಹೋಗಬಹುದೆಂದು ಇದರ ಅರ್ಥವಲ್ಲ. ಇಳಿಯುವ ದೇಶ ಅದನ್ನು ಕೇಳುತ್ತದೆ, ಐಸಿಎ ಅಧಿಕಾರಿಯೂ ಕೇಳಬಹುದು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಕಾಯಂ ನಿವಾಸಿಗಳು ಮತ್ತು ಪಾಸ್‌ದಾರರು ಇಲ್ಲಿನ ಹೈಕಮಿಷನ್‌ನಲ್ಲಿ ಪಾಸ್‌ಪೋರ್ಟ್ ನವೀಕರಿಸಿದ ಮೇಲೆ ಹೊಸ ಸಂಖ್ಯೆಯನ್ನು ತಮ್ಮ ಪಾಸಿಗೆ ತಕ್ಕಂತೆ ಐಸಿಎಗೋ ಮಾನವಶಕ್ತಿ ಸಚಿವಾಲಯಕ್ಕೋ ತಿಳಿಸಿ, ಅದು ದಾಖಲಾದ ನಂತರವೇ ಪ್ರಯಾಣ ಮಾಡಬೇಕು. ಹಳೆಯ ಸಂಖ್ಯೆಯೇ ದಾಖಲೆಯಲ್ಲಿ ಉಳಿದಿದ್ದರೆ ಹೊಸ ಪಾಸ್‌ಪೋರ್ಟಿನೊಡನೆ ಹಿಂದಿರುಗುವವರನ್ನು ಗುರುತಿಸುವುದು ವ್ಯವಸ್ಥೆಗೆ ಕಷ್ಟ.

ಮಲೇಷ್ಯಾದ ಗಡಿಯ ಊರಾದ ಜೊಹೊರ್ ಬಾರುವಿಗೆ ಕಾರಿನಲ್ಲಿ ಹೋಗಿಬರುವವರಿಗಾಗಿ ವುಡ್‌ಲ್ಯಾಂಡ್ಸ್ ಮತ್ತು ಟುವಾಸ್ ತಪಾಸಣಾ ಠಾಣೆಗಳಲ್ಲಿ 2024ರ ಮಾರ್ಚ್ 19ರಿಂದ ಕ್ಯೂಆರ್ ಕೋಡ್ ವ್ಯವಸ್ಥೆ ಇದೆ. ಮೈಐಸಿಎ ಆ್ಯಪ್‌ನಲ್ಲಿ ಕಾರಿನಲ್ಲಿರುವ ಎಲ್ಲರ ವಿವರವನ್ನು ಸೇರಿಸಿ ಒಂದೇ ಕೋಡ್ ತಯಾರಿಸಿದರೆ ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ಕೈಗೆ ಕೊಡಬೇಕಾಗಿಲ್ಲ. ಸೇತುವೆಯ ಆಚೆ ಬದಿಯದು ಬೇರೆ ದೇಶದ ನಿಯಮ. ಮಲೇಷ್ಯಾ ತನ್ನದೇ ಆದ ಡಿಜಿಟಲ್ ಆಗಮನ ಕಾರ್ಡನ್ನು 2024ರ ಜನವರಿ 1ರಿಂದ ಕಡ್ಡಾಯ ಮಾಡಿದೆ. ಅದನ್ನೂ ತಲುಪುವ ಮೊದಲಿನ ಮೂರು ದಿನಗಳಲ್ಲಿ ಉಚಿತವಾಗಿ ಸಲ್ಲಿಸಬೇಕು, ಪ್ರತಿ ಪ್ರಯಾಣಕ್ಕೂ ಹೊಸದಾಗಿ ಸಲ್ಲಿಸಬೇಕು. ಅಲ್ಲಿ ಸಿಂಗಾಪುರದ ಪೌರರಿಗೆ ವಿನಾಯಿತಿ ಇದೆ, ಸಿಂಗಾಪುರದ ಕಾಯಂ ನಿವಾಸಿಗಳಿಗೆ ಇಲ್ಲ. ಮಕ್ಕಳು ಪೌರರಾಗಿದ್ದು ತಂದೆ-ತಾಯಿ ಭಾರತೀಯ ಪಾಸ್‌ಪೋರ್ಟಿನಲ್ಲಿಯೇ ಇರುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಅಂಥ ಒಂದೇ ಕಾರಿನಲ್ಲಿ ಕೆಲವರಿಗೆ ಕಾರ್ಡ್ ಬೇಕು, ಕೆಲವರಿಗೆ ಬೇಡ.

ಥಾಯ್ಲೆಂಡ್ 2025ರ ಮೇ 1ರಿಂದ ಇಂಥದೇ ಕಾರ್ಡನ್ನು ಕಡ್ಡಾಯ ಮಾಡಿದೆ, ಇಂಡೋನೇಷ್ಯಾ ಕೂಡ ಅದೇ ವರ್ಷ ವಲಸೆ, ಆರೋಗ್ಯ ಮತ್ತು ಕಸ್ಟಮ್ಸ್ ಘೋಷಣೆಗಳನ್ನು ಸೇರಿಸಿ ಒಂದೇ ಅರ್ಜಿ ಮಾಡಿದೆ. ಸಿಂಗಾಪುರದ ಆಗಮನ ಕಾರ್ಡ್ ಮಾತ್ರ ಕಸ್ಟಮ್ಸ್ ಘೋಷಣೆಯಲ್ಲ. ತೆರಿಗೆ ಕಟ್ಟಬೇಕಾದ ಸಾಮಾನಿದ್ದರೆ, ಅಥವಾ 20,000 ಸಿಂಗಾಪುರ ಡಾಲರಿಗಿಂತ ಹೆಚ್ಚಿನ ನಗದಿದ್ದರೆ, ಅದನ್ನು ಪ್ರತ್ಯೇಕವಾಗಿ ಘೋಷಿಸಬೇಕು.

ಕೊನೆಯದಾಗಿ, 2026ರ ಜನವರಿ 30ರಿಂದ ತಪಾಸಣೆಯ ಒಂದು ಭಾಗ ವಿಮಾನ ಹತ್ತುವ ಊರಿಗೇ ಹೋಗಿದೆ. ಸರಿಯಾದ ವೀಸಾ ಇಲ್ಲದವರು, ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಕಡಿಮೆ ಉಳಿದಿರುವ ಸಂದರ್ಶಕರು, ಪ್ರವೇಶ ನಿಷೇಧಕ್ಕೊಳಗಾದವರು, ಇಂಥವರನ್ನು ವಿಮಾನ ಹತ್ತಿಸಿಕೊಳ್ಳದಂತೆ ಐಸಿಎ ವಿಮಾನ ಸಂಸ್ಥೆಗಳಿಗೆ ಸೂಚನೆ ನೀಡಬಹುದು. ಹಾಗೆ ತಡೆಯಲ್ಪಟ್ಟವರು ಐಸಿಎಯಿಂದ ಒಪ್ಪಿಗೆ ಪಡೆದ ಮೇಲೆಯೇ ಹೊಸ ಟಿಕೆಟ್ ಮಾಡಿಸಿ ಹೊರಡಬೇಕಾಗುತ್ತದೆ. ಪಾಸ್‌ಪೋರ್ಟ್ ಅವಧಿಯನ್ನು ಟಿಕೆಟ್ ಕೊಳ್ಳುವ ದಿನವೇ ನೋಡಿ, ಕಡಿಮೆ ಇದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಹೊಸ ಸಂಖ್ಯೆಯಲ್ಲೇ ವೀಸಾಕ್ಕೆ ಅರ್ಜಿ ಹಾಕಿಸಬೇಕು.