ಬೆಳಿಗ್ಗೆ ಹಳೇ ಮನೆ, ಸಂಜೆ ಕಡಲು: ದಕ್ಷಿಣ ಗೋವಾವನ್ನು ನಿಧಾನವಾಗಿ ನೋಡುವುದು ಹೇಗೆ?

ದಕ್ಷಿಣ ಗೋವಾದ ಹಳೇ ಮನೆಗಳನ್ನೂ ತೋಟಗಳನ್ನೂ ನೋಡಲು ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳಿ. ಒಂದೇ ದಿನ ಕಾರು ಮಾಡಿಕೊಂಡು ನಾಲ್ಕೈದು ಮನೆ ಮುಗಿಸಿ ಬರುವವರೂ ಇದ್ದಾರೆ. ಹಾಗೆ ಹೋದರೆ ಮೂರನೇ ಮನೆಯ ಹೊತ್ತಿಗೆ ತೂಗುದೀಪ, ಪಿಂಗಾಣಿ ತಟ್ಟೆ, ಬೀಟೆ ಮರದ ಕುರ್ಚಿ ಎಲ್ಲ ತಲೆಯಲ್ಲಿ ಕಲಸಿಹೋಗುತ್ತವೆ. ದಿನಕ್ಕೆ ಒಂದು ಮನೆ ಸಾಕು, ಅದೂ ಬೆಳಿಗ್ಗೆ. ಮಧ್ಯಾಹ್ನ ಊಟ, ಒಂದು ನಿದ್ದೆ. ಸಂಜೆ ಸಮುದ್ರ. ರಜೆ ಅಂದರೆ ಇಷ್ಟೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ನಾನು ಹೇಳುತ್ತಿರುವುದು ಮಡಗಾಂವ್ ಸುತ್ತಮುತ್ತಲಿನ ಚಾಂದೋರ್, ಲೌಟೋಲಿಂ, ಕೇಪೆಂ ಊರುಗಳ ಬಗ್ಗೆ. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಆ ಕಾಲದಲ್ಲಿ ಜಮೀನು, ವ್ಯಾಪಾರ, ಸರ್ಕಾರಿ ಹುದ್ದೆ ಇದ್ದ ಸ್ಥಳೀಯ ಕುಟುಂಬಗಳು ಕಟ್ಟಿಸಿದ ದೊಡ್ಡ ಮನೆಗಳು ಇಲ್ಲಿವೆ. ಕೆಲವದರಲ್ಲಿ ಇವತ್ತಿಗೂ ಅದೇ ಮನೆತನದವರು ವಾಸವಾಗಿದ್ದಾರೆ. ಅದು ತುಂಬಾ ಮುಖ್ಯವಾದ ವಿಷಯ. ಹೇಗೆ ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಅನ್ನುವುದೆಲ್ಲ ಅದರ ಮೇಲೇ ನಿಂತಿದೆ.

ಮೊದಲು ತಿಂಗಳು ನೋಡಿ

ನವೆಂಬರ್‌ನಿಂದ ಫೆಬ್ರುವರಿ ಎಲ್ಲರಿಗೂ ಗೊತ್ತಿರುವ ಕಾಲ. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆ ಇನ್ನೂ ಚೆನ್ನ. ಮಳೆ ನಿಂತಿರುತ್ತದೆ, ತೋಟ ಹಸಿರಾಗಿರುತ್ತದೆ, ರೂಮಿನ ಬಾಡಿಗೆ ಏರಿರುವುದಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹೋಗಬೇಡಿ. ದುಡ್ಡು ಜಾಸ್ತಿ, ಜನ ಜಾಸ್ತಿ. ಮನೆಯವರಿಗೂ ಅದು ಹಬ್ಬದ ಹೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಯುವ ಹಾಗಿಲ್ಲ.

ಇನ್ನೊಂದು ದಿನ ನೆನಪಿಡಿ. ಜನವರಿ 6ರಂದು ಚಾಂದೋರ್‌ನಲ್ಲಿ ಮೂರು ರಾಜರ ಹಬ್ಬ. ಮೂವರು ಹುಡುಗರು ರಾಜರ ವೇಷ ಹಾಕಿ, ಕುದುರೆ ಏರಿ ಚರ್ಚಿಗೆ ಬರುತ್ತಾರೆ. ಆ ದಿನ ಚಾಂದೋರ್‌ಗೆ ಹೋಗುವುದಾದರೆ ಹಬ್ಬ ನೋಡಲು ಹೋಗಿ. ಮನೆ ನೋಡುವುದು ಬೇರೆ ದಿನಕ್ಕಿರಲಿ.

ಬಿಡಾರ ಒಂದೇ ಕಡೆ

ಬೆಣಾವಲಿ ಅಥವಾ ಕೋಲ್ವಾದಲ್ಲಿ ಉಳಿದುಕೊಂಡರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಮಡಗಾಂವ್. ದಿನಾ ಬ್ಯಾಗ್ ಕಟ್ಟುವ ರಗಳೆ ಇರುವುದಿಲ್ಲ. ಚಾಂದೋರ್, ಲೌಟೋಲಿಂ ಎರಡೂ ಮಡಗಾಂವ್‌ನಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿವೆ. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಕ್ಯಾಸಲ್‌ರಾಕ್ ಘಾಟಿ ಇಳಿದು ಬರುವ ರೈಲಿದೆ. ಕಾರವಾರ, ಮಂಗಳೂರು ಕಡೆಯವರಿಗೆ ಕೊಂಕಣ ರೈಲು. ಎರಡೂ ಮಡಗಾಂವ್‌ನಲ್ಲೇ ಸೇರುತ್ತವೆ.

ಮಡಗಾಂವ್‌ನಿಂದ ಹಳ್ಳಿಗಳಿಗೆ ಬಸ್ ಇದೆ. ಗೋವಾ ಸರ್ಕಾರದ ಬಸ್ಸಿನ ಹೆಸರು ಕದಂಬ. ಬಸ್‌ಸ್ಟ್ಯಾಂಡ್‌ನಲ್ಲಿ ಆ ಹೆಸರು ಓದಿದಾಗ ನಮ್ಮವರಿಗೆ ಒಂದು ಖುಷಿ ಆಗೇ ಆಗುತ್ತದೆ. ಟ್ಯಾಕ್ಸಿ ಹಿಡಿದರೆ ಹೋಗಿ ಬರುವುದು, ಅಲ್ಲಿ ಕಾಯುವುದು ಎಲ್ಲ ಸೇರಿಸಿ ಮೊದಲೇ ರೇಟು ಮಾತಾಡಿಕೊಳ್ಳಿ. ಸ್ಕೂಟರ್ ಬಾಡಿಗೆಗೆ ತಗೊಂಡರೆ ನಂಬರ್ ಪ್ಲೇಟ್ ನೋಡಿ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ಮಾತ್ರ ಅದು ಲೈಸೆನ್ಸ್ ಇರುವ ಬಾಡಿಗೆ ಗಾಡಿ.

ಫೋನ್ ಮಾಡದೆ ಹೋಗಬೇಡಿ

ಇವು ಟಿಕೆಟ್ ಕೌಂಟರ್ ಇಟ್ಟುಕೊಂಡ ಮ್ಯೂಸಿಯಂಗಳ ಹಾಗೆ ನಡೆಯುವುದಿಲ್ಲ. ಮನೆಯಲ್ಲಿ ವಯಸ್ಸಾದವರಿರುತ್ತಾರೆ, ಮದುವೆ ಇರುತ್ತದೆ, ಜ್ವರ ಬಂದಿರುತ್ತದೆ. ಹಿಂದಿನ ದಿನವೇ ಫೋನ್ ಮಾಡಿ, ಎಷ್ಟು ಜನ, ಎಷ್ಟು ಗಂಟೆಗೆ, ಮಕ್ಕಳಿದ್ದಾರಾ ಅಂತ ಹೇಳಿ. ನಂಬರ್ ನೀವು ಉಳಿದುಕೊಂಡ ಹೋಟೆಲಿನವರ ಹತ್ತಿರ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಚರ್ಚಿನ ಹೊತ್ತು, ಬಿಟ್ಟುಬಿಡಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಡೀ ಊರು ಮಲಗುತ್ತದೆ. ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಹತ್ತೂವರೆಯಿಂದ ಹನ್ನೆರಡರೊಳಗೆ ಹೋಗುವುದು ಒಳ್ಳೆಯದು.

ಒಳಗೆ ಹೋಗುವ ಮುಂಚೆ ಹೊರಗೆ ನಿಲ್ಲಿ

ಇದಕ್ಕೆ ಕಾಲು ಗಂಟೆ ಕೊಡಿ. ಗೋವಾದ ಹಳೇ ಹಿಂದೂ ಮನೆಗಳು ನಮ್ಮ ತೊಟ್ಟಿ ಮನೆಗಳ ಹಾಗೇ ಇದ್ದವು. ನಡುವೆ ಅಂಗಳ, ಸುತ್ತ ಕೋಣೆ, ಬೀದಿಯ ಕಡೆಗೆ ಸಣ್ಣ ಸಣ್ಣ ಕಿಟಕಿ. ಮನೆ ಒಳಮುಖವಾಗಿ ಬದುಕುತ್ತಿತ್ತು. ಕ್ರೈಸ್ತರಾದ ಮೇಲೆ ಇದೇ ಕುಟುಂಬಗಳ ಮನೆ ನಿಧಾನವಾಗಿ ಬೀದಿಯ ಕಡೆಗೆ ತಿರುಗಿತು. ಮುಂದೆ ಸಾಲಾಗಿ ಉದ್ದದ ಕಿಟಕಿ ಬಂತು. ಬಾಗಿಲ ಮುಂದೆ ಮಾಡು ಇಳಿಸಿ, ಎರಡೂ ಬದಿ ಕಲ್ಲಿನ ಆಸನ ಕಟ್ಟಿದರು. ಸಂಜೆ ಅಲ್ಲಿ ಕೂತು ಹೋಗಿ ಬರುವವರನ್ನು ಮಾತಾಡಿಸುವುದು ಊರಿನ ರೂಢಿ. ಆದರೆ ಒಳಗಿನ ಅಂಗಳ ಹೋಗಲಿಲ್ಲ. ಅನೇಕ ಮನೆಗಳಲ್ಲಿ ಅದು ಇನ್ನೂ ಇದೆ. ಮುಂದೆ ಯುರೋಪಿನ ಹಜಾರ, ಹಿಂದೆ ನಮ್ಮ ಅಂಗಳ. ಒಂದೇ ಮನೆಯಲ್ಲಿ ಎರಡೂ ಕಾಣುವುದು ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ.

ಕಿಟಕಿಯ ಹತ್ತಿರ ಹೋಗಿ. ಹಳೆಯ ಕದಗಳಲ್ಲಿ ಗಾಜು ಇರುವುದಿಲ್ಲ, ಕಡಲ ಚಿಪ್ಪು ಇರುತ್ತದೆ. ಚಪ್ಪಟೆಯಾದ, ತೆಳ್ಳಗಿನ ಒಂದು ಜಾತಿಯ ಚಿಪ್ಪನ್ನು ಚೌಕಾಕಾರಕ್ಕೆ ಕತ್ತರಿಸಿ, ಮರದ ಸಣ್ಣ ಪಟ್ಟಿಗಳ ನಡುವೆ ಸಾಲಾಗಿ ಕೂರಿಸಿರುತ್ತಾರೆ. ಚಿಪ್ಪಿನ ಮೇಲೆ ಬೆಳೆದ ಗೆರೆಗಳು ಕಣ್ಣಿಗೆ ಕಾಣುತ್ತವೆ. ಹಿಂದೆ ಕೈ ಹಿಡಿದರೆ ನೆರಳು ಗೊತ್ತಾಗುತ್ತದೆ, ಬೆರಳು ಗೊತ್ತಾಗುವುದಿಲ್ಲ. ಬಿಸಿಲಿನ ಝಳ ಹೊರಗೇ ಉಳಿದು, ಕೋಣೆಯೊಳಗೆ ತಿಳಿಮಜ್ಜಿಗೆಯಂಥ ಬೆಳಕು ಬರುತ್ತದೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಕಡಲ ದಂಡೆಯವರು ಕಂಡುಕೊಂಡ ಉಪಾಯ ಇದು.

ಆಮೇಲೆ ತಲೆ ಎತ್ತಿ ಮಾಡು ನೋಡಿ. ಮೊದಲು ಇಲ್ಲೆಲ್ಲ ಅರ್ಧ ಕೊಳವೆಯ ನಾಡಹೆಂಚು ಇತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ಪಶ್ಚಿಮ ಕರಾವಳಿಯ ಉದ್ದಕ್ಕೂ ಹರಡಿತು. ಗೋವಾದ ದೊಡ್ಡಮನೆಗಳೂ ಅದನ್ನೇ ಹೊದ್ದವು. ಹಿತ್ತಲಲ್ಲಿ ತೆಗೆದಿಟ್ಟ ಹಳೇ ಹೆಂಚು ಕಂಡರೆ ಮಗುಚಿ ನೋಡಲು ಕೇಳಿ. ಕಾರ್ಖಾನೆಯ ಹೆಸರು, ಊರಿನ ಹೆಸರು ಅಚ್ಚೊತ್ತಿರುತ್ತದೆ. ಮಂಗಳೂರಿನ ಮಣ್ಣು ಅಲ್ಲಿ ಪೋರ್ಚುಗೀಸ್ ಹಜಾರದ ಮೇಲೆ ಕೂತಿದೆ ಅಲ್ವಾ!

ಮೊದಲ ಮನೆ ಚಾಂದೋರ್‌ನಲ್ಲಿ

ಈ ಊರೇ ಹಳೆಯ ಚಂದ್ರಪುರ. ಗೋವೆಯ ಕದಂಬರು ಹನ್ನೊಂದನೇ ಶತಮಾನದಲ್ಲಿ ರಾಜಧಾನಿಯನ್ನು ಗೋಪಕಪಟ್ಟಣಕ್ಕೆ ಒಯ್ಯುವ ಮುಂಚೆ ಇಲ್ಲಿಂದ ಆಳುತ್ತಿದ್ದರು. ಇಲ್ಲಿನ ಹಳೇ ಶಿವಾಲಯದ ಜಾಗದಲ್ಲಿ ತಲೆ ಮುರಿದ ನಂದಿಯೊಂದು ಇನ್ನೂ ಇದೆ. ಹುಡುಕಿಕೊಂಡು ಹೋಗಿ ನೋಡಿ. ಬರೀ ದೊಡ್ಡಮನೆ ನೋಡಿ ವಾಪಸ್ ಬರುವವರೇ ಹೆಚ್ಚು.

ಚರ್ಚಿನ ಎದುರಿನ ಬ್ರಗಾಂಜಾ ಮನೆ ಊರಿನ ಒಂದು ಬದಿಯನ್ನೇ ತುಂಬಿಕೊಂಡಿದೆ. ಒಂದೇ ಮೆಟ್ಟಿಲು ಹತ್ತಿ ಹೋದರೆ ಎರಡು ಭಾಗ. ಒಂದು ಕಡೆ ಮೆನೆಜೆಸ್ ಬ್ರಗಾಂಜಾ, ಇನ್ನೊಂದು ಕಡೆ ಬ್ರಗಾಂಜಾ ಪೆರೇರಾ. ಎರಡೂ ಕಡೆ ಬೇರೆ ಬೇರೆಯಾಗಿ ನೋಡಬೇಕು, ಕಾಣಿಕೆಯೂ ಬೇರೆ ಬೇರೆ ಕೊಡಬೇಕು.

ಮೊದಲನೆಯದು ಲೂಯಿಸ್ ದಿ ಮೆನೆಜೆಸ್ ಬ್ರಗಾಂಜಾ ಅವರ ಮನೆ. 1878ರಲ್ಲಿ ಹುಟ್ಟಿದ ಇವರು ಪೋರ್ಚುಗೀಸ್ ಆಡಳಿತವನ್ನು ಪೋರ್ಚುಗೀಸ್ ಭಾಷೆಯಲ್ಲೇ ಎದುರಿಸಿದ ಪತ್ರಕರ್ತ. 'ಓ ಹೆರಾಲ್ಡೊ' ಪತ್ರಿಕೆ ಶುರುವಾದಾಗ ಜತೆಗಿದ್ದವರು. ಸಾವಿರಾರು ಪುಸ್ತಕಗಳ ಅವರ ಗ್ರಂಥಾಲಯ ಮನೆಯಲ್ಲೇ ಇದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಗೋವಾ ಸ್ವತಂತ್ರವಾಗಬೇಕು ಅನ್ನುವ ನಿಲುವಿಗಾಗಿ ಕುಟುಂಬದವರು 1950ರಲ್ಲಿ ಊರು ಬಿಡಬೇಕಾಯಿತು. ವಾಪಸ್ ಬಂದದ್ದು ಗೋವಾ ಬಿಡುಗಡೆಯಾದ ಮೇಲೆ, 1962ರಲ್ಲಿ. ಇಂಥ ಮನೆಯಲ್ಲಿ ತೂಗುದೀಪ ಮಾತ್ರ ನೋಡಿ ಬಂದರೆ ಏನು ನೋಡಿದ ಹಾಗಾಯಿತು?

ಎರಡನೇ ಭಾಗದಲ್ಲಿ ದೊಡ್ಡ ನೃತ್ಯಶಾಲೆ ಇದೆ. ಪೋರ್ಚುಗಲ್ ದೊರೆ ಲೂಯಿಸ್ ಕಾಣಿಕೆ ಕೊಟ್ಟ ಎತ್ತರದ ಬೆನ್ನಿನ ಎರಡು ಕುರ್ಚಿಗಳು ಅಲ್ಲಿವೆ. ಮನೆಯ ಪ್ರಾರ್ಥನಾ ಕೋಣೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರದೆಂದು ನಂಬುವ ಉಗುರನ್ನು ಇಟ್ಟಿದ್ದಾರೆ. ಅದು ಪೂಜೆಯ ಜಾಗ. ದೇವರ ಕೋಣೆಯಲ್ಲಿ ಇರುವ ಹಾಗೇ ಇರಿ.

ಮನೆಯೊಳಗೆ ಹೇಗಿರಬೇಕು

ಹೇಳದೆ ಕುರ್ಚಿಯ ಮೇಲೆ ಕೂರಬೇಡಿ. ಬೆತ್ತ ಹೆಣೆದ ಹಳೇ ಆಸನಗಳು ಒಂದು ಸಲ ಹರಿದರೆ ಹೆಣೆಯುವವರೇ ಸಿಗುವುದಿಲ್ಲ. ಪಿಂಗಾಣಿ ಮುಟ್ಟಬೇಡಿ. ಫೋಟೊ ಬೇಡ ಅಂದರೆ ಬೇಡ. ಮುಚ್ಚಿದ ಬಾಗಿಲು ತಳ್ಳಬೇಡಿ, ಒಳಗೆ ಯಾರದೋ ಮಲಗುವ ಕೋಣೆ ಇರುತ್ತದೆ. ಸಣ್ಣ ಮಕ್ಕಳನ್ನು ಕೈ ಹಿಡಿದೇ ಕರೆದುಕೊಂಡು ಹೋಗಿ.

ಕಾಣಿಕೆ ವಿಷಯಕ್ಕೆ ಬರೋಣ. 'ಸುಮ್ನೆ ಮನೆ ನೋಡೋಕೆ ದುಡ್ಡಾ?' ಅನ್ನುವ ಮಾತು ನಮ್ಮವರ ಬಾಯಲ್ಲೇ ಕೇಳಿದ್ದೇನೆ, ಅದೂ ಮನೆಯವರ ಮುಂದೆ. ನನಗೆ ಬಹಳ ಬೇಜಾರಾಯಿತು. ಇಷ್ಟು ದೊಡ್ಡ ಮಾಡಿನ ಹೆಂಚನ್ನು ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕು. ಒಡೆದದ್ದು ಬದಲಿಸಬೇಕು, ಗೆದ್ದಲು ಹತ್ತಿದ ತೊಲೆ ತೆಗೆಸಬೇಕು, ಉಪ್ಪುಗಾಳಿಗೆ ಉದುರುವ ಗಾರೆ ಮತ್ತೆ ಹಚ್ಚಬೇಕು. ಅದಕ್ಕೆಲ್ಲ ನೋಡಲು ಬಂದವರು ಕೊಟ್ಟ ಹಣವೂ ಆಧಾರ. ಕೇಳಿದಷ್ಟು ಕೊಡಿ. ಮನಸ್ಸಿಗೆ ಹಿಡಿಸಿದರೆ ಮೇಲೆ ಸ್ವಲ್ಪ ಸೇರಿಸಿ ಕೊಡಿ.

ಲೌಟೋಲಿಂ: ಒಂದು ಬೆಳಿಗ್ಗೆ

ಇಲ್ಲಿನ ಫಿಗ್ಯುರೆಡೊ ಮನೆಯ ಹಳೆಯ ಭಾಗ 1590ರ ಸುಮಾರಿನದು. ಅಂದರೆ ತಾಜ್ ಮಹಲ್‌ಗಿಂತ ಹಳೆಯದು. ಹೋಗುವ ಮುಂಚೆ ಫೋನ್ ಮಾಡಲೇಬೇಕು. ಅದೇ ಊರಿನ ಕಾಸಾ ಅರೌಜೊ ಅಲ್ವಾರೆಸ್ 1757ರ ಮನೆ, ಟಿಕೆಟ್ ಇದೆ, ಮಕ್ಕಳ ಜೊತೆ ಹೋಗುವವರಿಗೆ ಸಲೀಸು. ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಅವರ ಮನೆಯೂ ಇದೇ ಊರಿನಲ್ಲಿದೆ. ಅದನ್ನು ರಸ್ತೆಯಿಂದಲೇ ನೋಡಿ ಮುಂದೆ ಹೋಗಿ.

ಕೇಪೆಂ: ತೋಟಕ್ಕೊಂದು ಇಡೀ ದಿನ

ಒಂದೇ ಜಾಗಕ್ಕೆ ಸಮಯ ಇದೆ ಅನ್ನುವವರಿಗೆ ನಾನು ಕೇಪೆಂ ಹೇಳುತ್ತೇನೆ. ಕುಶಾವತಿ ನದಿಯ ದಡದಲ್ಲಿರುವ ಇಲ್ಲಿನ ದೊಡ್ಡಮನೆಯನ್ನು 1787ರಲ್ಲಿ ಜೋಸೆ ಪಾವ್ಲೊ ದಿ ಅಲ್ಮೇಡಾ ಎಂಬ ಪಾದ್ರಿ ಕಟ್ಟಿಸಿದರು. ಅವರು ಚರ್ಚಿನ ಡೀನ್ ಆಗಿದ್ದರು, ಹಾಗಾಗಿ ಡೀನರ ಅರಮನೆ ಅಂತಲೇ ಹೆಸರು. ಕೇಪೆಂ ಪೇಟೆಯನ್ನು ಬೆಳೆಸಿದವರೂ ಅವರೇ. ಮುಂದೆ ಈ ಮನೆ ಬಹಳ ಕಾಲ ನಿರ್ಗತಿಕ ಹೆಂಗಸರ ಆಶ್ರಯವಾಗಿತ್ತು. ಪಾಳುಬಿದ್ದ ಮೇಲೆ ದಂಪತಿಯೊಬ್ಬರು ವರ್ಷಗಟ್ಟಲೆ ದುಡಿದು ಮತ್ತೆ ಎಬ್ಬಿಸಿದ್ದಾರೆ.

ಎದುರಿಗೆ ಚರ್ಚು, ನಡುವೆ ತೋಟ, ಹಿಂದೆ ನದಿ. ಮುಂದಿನ ತೋಟ ಅಳತೆ ಹಾಕಿ ಮಾಡಿದ್ದು, ದಾರಿ ನೇರ, ಪಾತಿ ಸಮ. ಹಿಂದೆ ನದಿ ಕಡೆಗೆ ಹೋದಂತೆ ಮರಗಳ ನೆರಳು ಜಾಸ್ತಿಯಾಗುತ್ತದೆ. ಊಟ ಬೇಕಾದರೆ ಮೊದಲೇ ಹೇಳಿಡಬೇಕು. ಹೇಳಿಡಿ, ಯಾಕೆಂದರೆ ಹೊಳೆಗಾಳಿಯಲ್ಲಿ ಕೂತು ಗೋವಾದ ಹಳೇ ಮನೆಯಡುಗೆ ಉಣ್ಣುವ ಅವಕಾಶ ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ. ಸಸ್ಯಾಹಾರಿಗಳು ಅದನ್ನೂ ಫೋನಿನಲ್ಲೇ ತಿಳಿಸಿ. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಮಸಾಲೆ ತೋಟ ಬೇಕಾ?

ಪೋಂಡಾ ಸುತ್ತ ಮಸಾಲೆ ತೋಟಗಳಿವೆ. ಮೆಣಸು, ಏಲಕ್ಕಿ, ಜಾಯಿಕಾಯಿ, ವೆನಿಲಾ ತೋರಿಸಿ, ಊಟ ಹಾಕಿ ಕಳಿಸುತ್ತಾರೆ. ಶಿರಸಿ, ಸಿದ್ದಾಪುರದವರಿಗೆ, ಮಲೆನಾಡಿನವರಿಗೆ ಇದು ಮನೆಯ ತೋಟವೇ. ಅವರು ಬಿಡಬಹುದು. ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಮೆಣಸು ಬಳ್ಳಿಯಲ್ಲಿ ಬೆಳೆಯುತ್ತದೆ ಅಂತ ಕಣ್ಣಾರೆ ಕಂಡರೆ ಮರೆಯುವುದಿಲ್ಲ. ಪಣಜಿಗೆ ಹೋದರೆ ಗಾರ್ಸಿಯಾ ದ ಓರ್ತಾ ಉದ್ಯಾನದಲ್ಲಿ ಒಂದಿಷ್ಟು ಹೊತ್ತು ಕೂತು ಬನ್ನಿ. ಭಾರತದ ಗಿಡಮೂಲಿಕೆಗಳ ಬಗ್ಗೆ ಪುಸ್ತಕ ಬರೆದ ವೈದ್ಯ ಆತ. ಆ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು.

ಸಂಜೆಯ ಸಮುದ್ರ, ಕೊನೆಯ ದಿನದ ದಾರಿ

ನಾಲ್ಕೂವರೆ ಮೇಲೆ ಬೀಚಿಗೆ ಇಳಿಯಿರಿ. ಕೆಂಪು ಬಾವುಟ ಇದ್ದರೆ ಮೊಣಕಾಲಿನಷ್ಟು ನೀರಿಗೂ ಹೋಗಬೇಡಿ. ಕೋಲ್ವಾದಲ್ಲಿ ಜನ ಇರುತ್ತಾರೆ. ಬೆಣಾವಲಿಯಿಂದ ದಕ್ಷಿಣಕ್ಕೆ, ವಾರ್ಕಾ ಕಡೆ ನಡೆದರೆ ಮರಳು ಉದ್ದಕ್ಕೂ ಖಾಲಿ.

ಕಾರವಾರದ ಮೇಲೆ ಊರಿಗೆ ಮರಳುವವರು ಕಾಣಕೋಣದ ರಸ್ತೆ ಹಿಡಿಯಿರಿ. ದಾರಿಯಲ್ಲಿ ಸಿಗುವ ಗಾಲ್ಜಿಬಾಗ್ ದಂಡೆಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರು ಬೇಲಿ ಹಾಕಿದ ಜಾಗದಿಂದ ದೂರ ಇರಿ, ಕತ್ತಲಾದ ಮೇಲೆ ಟಾರ್ಚ್, ಮೊಬೈಲ್ ಲೈಟು ಹಾಕಬೇಡಿ. ಅಲ್ಲಿಂದ ಪೋಳೆಂ ಗಡಿ ದಾಟಿದರೆ ಕಾರವಾರ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟ ಅಲ್ಲೇ ಮಾಡಬಹುದು.