ರಾತ್ರಿ ಹತ್ತರ ಮೇಲೆ ರಕ್ತ ತೆಗೆಯುವ ಕೆಲಸ

ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಆನೆಕಾಲು ರೋಗದ ಪತ್ತೆಗೆ ರಕ್ತ ತೆಗೆಯುವುದು ನನ್ನ ಕೆಲಸ. ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ. ಊಟದ ಹೊತ್ತಿಗೆ ಮನೆ ಸೇರೋಣ ಅಂತ ಸಂಜೆ ಆರಕ್ಕೇ ಓಣಿಗೆ ಹೋಗಿ ಎಂಟರೊಳಗೆ ಮುಗಿಸಿಬಿಟ್ಟೆ. ಒಂದು ಸ್ಲೈಡಿನಲ್ಲೂ ಏನೂ ಸಿಗಲಿಲ್ಲ. ಖುಷಿಯಿಂದ ಹೇಳಿದರೆ ಹಿರಿಯ ಟೆಕ್ನಿಷಿಯನ್ ನಕ್ಕರು. "ಹುಳ ಇನ್ನಾ ಎದ್ದೇ ಇರಲಿಲ್ಲಪ್ಪಾ. ಹತ್ತರ ಮ್ಯಾಲೆ ಹೋಗು."

ಆನೆಕಾಲು ರೋಗ ತರುವ ಹುಳದ ಮರಿಗಳು ಹಗಲು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ ಹತ್ತರಿಂದ ಎರಡರ ನಡುವೆ ಚರ್ಮದ ಹತ್ತಿರದ ರಕ್ತಕ್ಕೆ ಜಾಸ್ತಿ ಬರುತ್ತವೆ. ಅವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ.

ಮತ್ತೆ ಅದೇ ಓಣಿಗೆ ಹೋದೆ, ಈ ಸಲ ಹತ್ತೂವರೆಗೆ. ಜೊತೆಗೆ ಆಶಾ ಅಕ್ಕ, ಕೈಯಲ್ಲಿ ಬ್ಯಾಟರಿ. ಕಾಲು ಬಾತಿದ್ದ ಒಬ್ಬ ಅಜ್ಜಿ ಎದ್ದು ಕೂತು, "ಯಪ್ಪಾ, ಗುಂಗಾಡ ಸಾಲಲಿಲ್ಲೇನು, ನೀವೂ ನಡುರಾತ್ರಿ ರಕ್ತ ಹೀರಾಕ ಬಂದೀರಿ?" ಎಂದರು. ಒಂದು ಲೆಕ್ಕದಲ್ಲಿ ಸರಿಯೇ, ಅಲ್ವಾ?

ಎಡಗೈ ಉಂಗುರ ಬೆರಳನ್ನು ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ಚುಚ್ಚುತ್ತೇನೆ. 20 ಘನ ಮಿಲಿಮೀಟರ್ ರಕ್ತ ಸಾಕು, ಸ್ಲೈಡ್ ಮೇಲೆ ದಪ್ಪಗೆ ಸವರಬೇಕು. ಒಣಗಲು ಇಟ್ಟಲ್ಲಿ ಇರುವೆ ಬರದಂತೆ ನೋಡಬೇಕು, ಸವರಿದ ರಕ್ತವನ್ನು ತಿಂದುಬಿಡುತ್ತವೆ. ಮರುದಿನ ನೀರಿನಲ್ಲಿಟ್ಟು ಕೆಂಪು ಬಿಡಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ.

ಅಜ್ಜಿಯ ಸ್ಲೈಡ್ ಖಾಲಿ. ಹುಳದ ಮರಿ ಸಿಕ್ಕಿದ್ದು ಕಲ್ಲಿನ ಗಣಿಗೆ ಹೋಗುವ ಒಬ್ಬ ಗಟ್ಟಿಮುಟ್ಟಾದ ಹುಡುಗನಲ್ಲಿ. ಸೊಳ್ಳೆಪರದೆ ಇಲ್ಲದೆ, ಗಟಾರದ ಪಕ್ಕ ಹೊರಸು ಹಾಕಿ ಮಲಗುತ್ತಿದ್ದವನು.

ಅಜ್ಜಿಯ ಮನೆಯವರು ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದರು. ನನಗೆ ಸಿಟ್ಟು ಬಂತು. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಕಾಲು ಬಾತವರಲ್ಲಿ ಎಷ್ಟೋ ಜನರ ರಕ್ತದಲ್ಲಿ ಮರಿ ಇರುವುದೇ ಇಲ್ಲ, ಹುಳ ಮಾಡಿದ ಹಾನಿ ಮಾತ್ರ ಉಳಿದಿರುತ್ತದೆ. ರೋಗ ಹರಡುವುದು ಆರಾಮಾಗಿ ಕಾಣುವ ಆ ಹುಡುಗನಂಥವರಿಂದ. ಸೊಳ್ಳೆ ಅವನನ್ನು ಕಚ್ಚಿ ಮರಿಗಳನ್ನು ಹೀರುತ್ತದೆ. ಅವು ಬೆಳೆದು ಇನ್ನೊಬ್ಬರಿಗೆ ದಾಟಲು ಹತ್ತು ಹನ್ನೆರಡು ದಿನವಾದರೂ ಬೇಕು. ಸೊಳ್ಳೆಯೊಳಗೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಹಾಗಾಗಿ ಒಂದೆರಡು ಕಡಿತಕ್ಕೆ ಬರುವ ರೋಗ ಇದಲ್ಲ, ತಿಂಗಳುಗಟ್ಟಲೆ ಕಚ್ಚಿಸಿಕೊಂಡಿರಬೇಕು. ಕೊಳಕು ನೀರು ನಿಂತ ಗಟಾರ, ಸಂಡಾಸದ ಗುಂಡಿ ಇರುವ ಓಣಿಯಲ್ಲಿ ಅದೇನೂ ಕಷ್ಟವಲ್ಲ! ದೊಡ್ಡ ಹುಳ ಮೈಯಲ್ಲಿ ನಾಲ್ಕಾರು ವರ್ಷ ಬದುಕಿ ಮರಿ ಹಾಕುತ್ತಲೇ ಇರುತ್ತದೆ.

ಹುಡುಗನ ಹೆಸರು ಓಣಿಯಲ್ಲಿ ಹೇಳಲಿಲ್ಲ. ಹುಳದ ಮರಿಗಳನ್ನು ಕೊಲ್ಲುವ ಡಿಇಸಿ ಮಾತ್ರೆ ಶುರು ಮಾಡಿದ ರಾತ್ರಿ ಅವನಿಗೆ ಜ್ವರ, ತಲೆನೋವು. ಅವನ ಅವ್ವ ಜಗಳಕ್ಕೇ ಬಂದರು. ಮರಿಗಳು ಸಾಯುವಾಗ ಹೀಗಾಗುತ್ತದೆ ಅಂತ ನಾನು ಮೊದಲೇ ಹೇಳಬೇಕಿತ್ತು. ಆಮೇಲೆ ಸಾಮೂಹಿಕವಾಗಿ ಮಾತ್ರೆ ಕೊಡುವ ವಾರದಲ್ಲಿ ಇದನ್ನೇ ಮೊದಲು ಹೇಳಿ, ಅವರ ಎದುರಿಗೇ ನಾನೂ ನುಂಗುತ್ತಿದ್ದೆ. ಬಸುರಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ, ತುಂಬಾ ಕಾಯಿಲೆ ಇದ್ದವರಿಗೆ ಕೊಡುವುದಿಲ್ಲ. "ಇಟ್ಟು ಹೋಗ್ರಿ, ಆಮ್ಯಾಗ ತಗೋತೀವಿ" ಅಂದರೆ ನಾನು ಜಗಲಿ ಬಿಟ್ಟು ಏಳುವುದಿಲ್ಲ.

ಅಜ್ಜಿಗೆ ಬೇಕಾಗಿದ್ದದ್ದು ಬೇರೆ. ದಿನಾ ಸಾಬೂನು ಹಚ್ಚಿ ಕಾಲು ತೊಳೆದು, ಬೆರಳ ಸಂದಿಯನ್ನು ಒಣ ಬಟ್ಟೆಯಲ್ಲಿ ಒರೆಸುವುದನ್ನು ಸೊಸೆಗೆ ತೋರಿಸಿಕೊಟ್ಟೆ. ಮುಂದಿನ ಸಲ ಹೋದಾಗ ಅಜ್ಜಿ ಚಹಾ ಕೊಡಿಸಿದರು, ಲೋಟ ಎಲ್ಲರದ್ದೂ ಒಂದೇ ತರದ್ದು.