ಪುಣೆಯಲ್ಲಿ ರೂಟರ್ ಕೊಳ್ಳುವ ಮುನ್ನ

ಪುಣೆಯ ವಾಕಡದಲ್ಲಿ ಹೊಸದಾಗಿ ಮನೆ ಹಿಡಿದ ಹುಬ್ಬಳ್ಳಿಯ ಹುಡುಗನೊಬ್ಬ ಕಳೆದ ತಿಂಗಳು ತಾನು ತಂದ ವೈಫೈ ರೂಟರಿನ ಡಬ್ಬಿಯನ್ನು ಹೆಮ್ಮೆಯಿಂದ ತೋರಿಸಿದಾಗ, ಐದು ವರ್ಷಗಳ ಹಿಂದೆ ನಾನು ದಂಡ ತೆತ್ತದ್ದೂ ಅಂಥದ್ದೇ ಡಬ್ಬಿಗೆ ಎಂಬುದು ನೆನಪಾಯಿತು. ಅದರ ಮೇಲೆ ಎಸಿ1200 ಎಂದು ದಪ್ಪಕ್ಷರದಲ್ಲಿತ್ತು. ರೂಟರ್ ಬಳಸುವ ಎರಡು ತರಂಗಪಟ್ಟಿಗಳಾದ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗವನ್ನು ಕೂಡಿಸಿ, ಮೇಲೆ ತುಸು ಏರಿಸಿ ಬರೆದ ಸಂಖ್ಯೆ ಅದು. ಒಂದು ಮೊಬೈಲಿಗೆ ಅಷ್ಟು ವೇಗ ಎಂದೂ ಸಿಗದು.

ಆದರೆ ನನ್ನ ಹಣ ನುಂಗಿದ್ದು ಆ ಸಂಖ್ಯೆಯಲ್ಲ, ರೂಟರಿನ ಬೆನ್ನಿಗಿರುವ ಪೋರ್ಟು. ಎಸಿ1200 ಎಂದು ಮಾರುವ ಹಲವು ಅಗ್ಗದ ರೂಟರುಗಳಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟು 'ಫಾಸ್ಟ್ ಈಥರ್ನೆಟ್' ಆಗಿರುತ್ತದೆ. ಹೆಸರಿನಲ್ಲಿ ಫಾಸ್ಟ್ ಇದ್ದರೂ ಅದರ ಮಿತಿ 100 ಎಂಬಿಪಿಎಸ್. ನಾನು 300 ಎಂಬಿಪಿಎಸ್ ಪ್ಲಾನಿಗೆ ರಿಯಾಯಿತಿಯ ಆಸೆಯಿಂದ ಇಡೀ ವರ್ಷದ ಹಣವನ್ನು ಮುಂಗಡ ಕಟ್ಟಿದ್ದೆ, ಬರುತ್ತಿದ್ದದ್ದು 94. ದೂರು ಕೊಟ್ಟಾಗಲೆಲ್ಲ ಇಂಟರ್ನೆಟ್ ಕೊಡುವ ಕೇಬಲ್‌ವಾಲಾ ಬಂದು 'ಲೈನ್ ಠೀಕ್ ಆಹೆ' (ಲೈನ್ ಸರಿಯಿದೆ) ಎಂದು ಹೇಳಿ ಹೋಗುತ್ತಿದ್ದ. ನಾಲ್ಕು ತಿಂಗಳ ಜಗಳದ ನಂತರ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಪೋರ್ಟಿನ ರೂಟರ್ ತಂದೆ. ಆಗಲೂ 94! ಕೊನೆಗೆ ಪ್ಲಗ್ ಬಿಚ್ಚಿ ನೋಡಿದರೆ, ಕೇಬಲಿನ ಎಂಟು ತಂತಿಗಳಲ್ಲಿ ನಾಲ್ಕನ್ನು ಮಾತ್ರ ಪ್ಲಗ್ಗಿಗೆ ಒತ್ತಿ ಕೂರಿಸಲಾಗಿತ್ತು (ಕ್ರಿಂಪ್). 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಆದ್ದರಿಂದ ಮೊದಲು ಒಂದೇ ತಿಂಗಳ ಹಣ ಕಟ್ಟಿ, ರೂಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಪೋರ್ಟಿನ (ಹೊರಗಿನ ಕೇಬಲ್ ಸಿಕ್ಕಿಸುವ ಪೋರ್ಟು) ವೇಗ 1000 ಎಂದಿದೆಯೋ 100 ಎಂದಿದೆಯೋ ನೋಡಿ. ಕೇಬಲ್‌ವಾಲಾ ನಿಮ್ಮ ಮನೆಯಲ್ಲಿ ನಿಂತಿರುವಾಗಲೇ ನೋಡಿ.

ಉಳಿದ ಪರಿಭಾಷೆ ಸುಲಭ. 802.11ಎನ್, ಎಸಿ, ಎಎಕ್ಸ್ ಎಂಬ ವೈಫೈ ತಲೆಮಾರುಗಳ ಬಾಯಿಗೆ ಬಾರದ ಹೆಸರುಗಳಿಗೆ 2018ರಲ್ಲಿ ವೈಫೈ 4, 5, 6 ಎಂಬ ಹೆಸರಿಟ್ಟರು. ಅದಕ್ಕೂ ಮೊದಲಿನ ಗೊಂದಲ ಕಂಡ ನನಗೆ ಇದು ತಡವಾಗಿ ಬಂದ ಬುದ್ಧಿ ಎನಿಸುತ್ತದೆ. 2.4 ಗಿಗಾಹರ್ಟ್ಸ್ 5ಕ್ಕಿಂತ ಚೆನ್ನಾಗಿ ಗೋಡೆ ದಾಟುತ್ತದೆ, ಆದರೆ ಇಲ್ಲಿನ ಸೊಸೈಟಿಗಳಲ್ಲಿ (ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ) ಅಕ್ಕಪಕ್ಕದ ಹತ್ತಾರು ಮನೆಗಳ ರೂಟರುಗಳು ಒಂದರ ಮೇಲೊಂದು ಬೀಳದ 1, 6, 11 ಎಂಬ ಮೂರೇ ಚಾನೆಲ್‌ಗಳಿಗೆ ಗುದ್ದಾಡುತ್ತವೆ. ಲ್ಯಾಪ್‌ಟಾಪ್ ಇರುವ ಕೋಣೆಯಲ್ಲೇ ರೂಟರ್ ಇಟ್ಟು 5 ಗಿಗಾಹರ್ಟ್ಸ್ ಬಳಸುವುದೇ ಮೇಲು.

ಬೆಂಗಳೂರಿನ ನನ್ನ ಹಳೆಯ ಬೀದಿಯಲ್ಲಿ ಮೂವರು ಆಪರೇಟರುಗಳಿದ್ದರು. ಇಲ್ಲಿ ನಮ್ಮ ಸೊಸೈಟಿಯೊಳಗೆ ಒಬ್ಬನಿಗಷ್ಟೇ ಪ್ರವೇಶ. ಆಯ್ಕೆಯ ಮಟ್ಟಿಗೆ ಬೆಂಗಳೂರೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ, ಆದರೆ ಕರೆದರೆ ಗಂಟೆಯೊಳಗೆ ಬಾಗಿಲಿಗೆ ಬರುವವನು ಇಲ್ಲಿನ ಕೇಬಲ್‌ವಾಲಾನೇ. ಹುಬ್ಬಳ್ಳಿಯ ಹುಡುಗನ ಡಬ್ಬಿ ಇನ್ನೂ ಒಡೆದಿರಲಿಲ್ಲ. ಮರುದಿನವೇ ಅಂಗಡಿಗೆ ಹಿಂದಿರುಗಿಸಿದ.